ಹಂಪಿ, ಮ್ಯಾಪು, ಪೇಟೆ, ವೀರಗಲ್ಲು: ಫ್ಯಾಂಟಸಿ ಲೋಕ ಕಟ್ಟೋಕೆ ಯಾವ್ದು ಕೈ ಹಿಡಿಯುತ್ತೆ?

ಮೊದ್ಲೇ ಹೇಳ್ಬಿಡ್ತೀನಿ, ನನ್ನ ಓಟು ಶಾಸನಕ್ಕೆ, ವೀರಗಲ್ಲೂ ಅದರಲ್ಲೇ ಸೇರಿತು. ನಾಲ್ಕನ್ನೂ ನಮ್ಮ ಟೇಬಲ್ ಮೇಲೆ ಆಡಿಸಿ ನೋಡಿದ ಮೇಲೇ ಈ ಮಾತು, ಸುಮ್ನೆ ಅಭಿಮಾನಕ್ಕೆ ಹೇಳ್ತಿಲ್ಲ. ನಾವು ಆಡೋದು ಬಸವನಗುಡೀಲಿ ಒಬ್ರ ಮನೆ ಮಹಡಿ ಮೇಲೆ, ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಒಬ್ರು ಕತೆ ನಡೆಸ್ತಾ, ಉಳಿದೋರು ಒಂದೊಂದು ಪಾತ್ರವಾಗಿ ಡೈಸ್ ಉರುಳಿಸಿ ಆಡೋ ಆಟ) ರೂಲ್ಸು, ಮಾತು ಅರ್ಧ ಕನ್ನಡ ಅರ್ಧ ಇಂಗ್ಲಿಷು, ಡಿಎಂ, ಅಂದ್ರೆ ಕತೆ ನಡೆಸೋನ, ಕುರ್ಚೀಲಿ ಸಾಮಾನ್ಯವಾಗಿ ನಾನೇ. ರೆಡಿಮೇಡ್ ಸೆಟ್ಟಿಂಗ್‌ಗಳಲ್ಲಿ ಬರೋ ಟಾವರ್ನು, ಓಕ್ ಮರದ ಕಾಡು, ಹಿಮ ಮುಚ್ಚಿದ ಕಣಿವೆ ಇವನ್ನೆಲ್ಲ ವರ್ಣಿಸಿ ವರ್ಣಿಸಿ ಸಾಕಾಗಿ ಹೋಗಿತ್ತು, ಓಕ್ ಮರದ ಕೆಳಗೆ ಕೂತ್ರೆ ಹೇಗಿರುತ್ತೆ ಅಂತ ನಮ್ಮಲ್ಲಿ ಒಬ್ರಿಗೂ ಗೊತ್ತಿಲ್ಲ, ಹೊಂಗೆ ಮರ ಆದ್ರೆ ಗೊತ್ತು. ಸರಿ, ನಮ್ಮ ಕಡೆಯ ನಿಜವಾದ ವಿವರಗಳನ್ನೇ ಎತ್ಕೊಂಡು ಲೋಕ ಕಟ್ಟೋಣ ಅಂತ ಶುರು ಮಾಡಿದ್ದು.

ಹೋಲಿಸೋಕೆ ಅಂಕ ಗಿಂಕ ಏನೂ ಇಟ್ಕೊಳ್ಳಲಿಲ್ಲ. ಒಂದು ವಿವರ ಕೇಳಿದ ತಕ್ಷಣ ಪ್ಲೇಯರ್ "ಹಾಗಾದ್ರೆ ನಾನು ಹೀಗೆ ಮಾಡ್ತೀನಿ" ಅಂತ ಮುಂದೆ ಬಾಗ್ತಾನಾ, ಇಲ್ಲ "ಓ ಸೂಪರ್" ಅಂದು ಮತ್ತೆ ಕೋಡುಬಳೆ ಡಬ್ಬಕ್ಕೆ ಕೈ ಹಾಕ್ತಾನಾ, ಅಷ್ಟೇ ನಾನು ನೋಡಿದ್ದು.

ಹಂಪಿಯಿಂದ ಶುರು ಮಾಡಿದ್ವಿ, ಎಲ್ರೂ ಮಾಡೋದೇ ಅದು. ಮೆಟೀರಿಯಲ್‌ಗಂತೂ ಬರ ಇಲ್ಲ. 1443ರಲ್ಲಿ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ಒಂದರೊಳಗೊಂದು ಏಳು ಸುತ್ತು ಕೋಟೆ ಅಂತಾನೆ, ಹೊರಗಿನ ಸುತ್ತುಗಳ ನಡುವೆ ಹೊಲ, ತೋಟ, ಮನೆ. ಕೃಷ್ಣದೇವರಾಯನ ಕಾಲಕ್ಕೆ, 1520ರ ಆಸುಪಾಸು, ಬಂದ ಪೋರ್ಚುಗೀಸ್ ಡೊಮಿಂಗೊ ಪಾಯಸ್ ಈ ಊರು ರೋಮ್‌ನಷ್ಟು ದೊಡ್ಡದು ಅಂತಾನೆ. ಇದನ್ನೆಲ್ಲ ಓದಿ ಹೇಳಿದ್ರೆ ಟೇಬಲ್ ಸುತ್ತ "ಓ ಸೂಪರ್" ಬರುತ್ತೆ, ಆಮೇಲೆ ಏನೂ ಬರಲ್ಲ. ದೊಡ್ಡದು, ಶ್ರೀಮಂತ, ಎತ್ತರ, ಸರಿ, ಅದನ್ನ ಕಟ್ಕೊಂಡು ಪ್ಲೇಯರ್ ಏನು ಮಾಡ್ಬೇಕು? ಇನ್ನೊಂದು ತೊಂದ್ರೆ ಅಂದ್ರೆ ಹಂಪಿ ನಮಗೆಲ್ಲ ಮೂರನೇ ಕ್ಲಾಸಿಂದ ಗೊತ್ತು. ಹೆಸರು ಬದಲಾಯಿಸಿ, ರಾಜನಿಗೆ ಎಲ್ಫ್ ಕಿವಿ ಇಟ್ರೂ "ತೆನಾಲಿ ರಾಮ ಎಲ್ಲಪ್ಪ" ಅಂತ ಶುರುವಾಗುತ್ತೆ, ಸಾಲದ್ದಕ್ಕೆ 1565ರಲ್ಲಿ ಏನಾಗುತ್ತೆ ಅಂತ ಎಲ್ರಿಗೂ ಗೊತ್ತಿರೋದ್ರಿಂದ ಉತ್ತರದ ಸುಲ್ತಾನರ ಥರದವರು ಯಾರು ಬಂದ್ರೂ ಮೊದಲನೇ ಸೆಶನ್‌ನಲ್ಲೇ ಕತ್ತಿ ಹಿರೀತಾರೆ.

ಆದ್ರೆ ಅದೇ ರಾಶೀಲಿ ಒಂದು ಮುತ್ತು ಸಿಕ್ತು. ಪಾಯಸ್ ಆದ್ಮೇಲೆ ಬಂದ ನೂನಿಜ್ ಅನ್ನೋ ಕುದುರೆ ವ್ಯಾಪಾರಿ ಒಂದು ಮಾತು ಬರೆದಿಟ್ಟಿದಾನೆ: ಸಾಳುವ ನರಸಿಂಹ ಹಡಗಲ್ಲಿ ಬರೋ ಕುದುರೆಗಳನ್ನ ಬದುಕಿದ್ರೂ ಸರಿ ಸತ್ತಿದ್ರೂ ಸರಿ ಅಂತ ಕೊಳ್ತಿದ್ನಂತೆ, ಸಮುದ್ರದಲ್ಲಿ ಸತ್ತಿದ್ರೆ ಬಾಲ ತಂದು ತೋರಿಸಿದ್ರೆ ಸಾಕು, ಪೂರ್ತಿ ದುಡ್ಡು. ಅರಬ್ಬೀ ಕುದುರೆ ಬೇರೆಯವರ ಕೈ ಸೇರಬಾರ್ದು ಅನ್ನೋ ಲೆಕ್ಕ ಇರಬೇಕು. ಇದನ್ನ ನಮ್ಮ ಬಂದರಿನ ಊರಿಗೆ ಹಾಕಿದೆ ಅಷ್ಟೇ, ರೋಗ್ (ಕಳ್ಳನ ಥರದ ಪಾತ್ರ) ಆಡೋ ಹುಡುಗ ಮಾತು ಮುಗಿಯೋಕೆ ಬಿಡಲಿಲ್ಲ, "ಒಂದು ಕುದುರೆಗೆ ಎಷ್ಟು ಬಾಲ ಅಂತ ಯಾರು ಚೆಕ್ ಮಾಡ್ತಾರೆ?" ಅಂದ. ಆಮೇಲೆ ಕತ್ತೆ ಬಾಲಕ್ಕೆ ಬಣ್ಣ ಹಚ್ಚೋದು, ಸುಂಕದ ಗುಮಾಸ್ತನಿಗೆ ಲಂಚ, ಬಾಲ ಮೂಸಿ ನೋಡಿ ಹೇಳೋ ಮುದುಕ ಒಬ್ಬ, ಇಡೀ ಸಂಜೆ ಅದೇ. ಏಳು ಸುತ್ತಿನ ಕೋಟೆ ಮಾಡದ ಕೆಲಸ ಒಂದು ಬಾಲ ಮಾಡ್ತು.

ಮ್ಯಾಪಿನ ದಾರಿ ಬಗ್ಗೆ ಜಾಸ್ತಿ ಹೇಳೋಕಿಲ್ಲ, ಆದ್ರೆ ಬಿಡೋಹಾಗೂ ಇಲ್ಲ. ಆನ್‌ಲೈನ್‌ನಲ್ಲಿ ಒಂದು ಕ್ಲಿಕ್‌ಗೆ ಖಂಡವನ್ನೇ ಉದುರಿಸೋ ಮ್ಯಾಪ್ ಜನರೇಟರ್‌ಗಳಿವೆ, ನಾನು ನೋಡಿದಷ್ಟು ಸಲವೂ ರಾಜಧಾನಿ ಹೋಗಿ ಕೂತಿದ್ದು ನದಿ ದಡದಲ್ಲೋ ಸಮುದ್ರದ ಪಕ್ಕದಲ್ಲೋ. ನಮ್ಮ ಬೆಂಗಳೂರು ನೋಡಿ, ಸುಮಾರು 920 ಮೀಟರ್ ಎತ್ತರದಲ್ಲಿ ದಿಣ್ಣೆ ಮೇಲೆ ಕೂತಿದೆ, ದೊಡ್ಡ ನದಿ ಅಂತ ಒಂದೂ ಇಲ್ಲ, ಪೂರ್ವಕ್ಕೆ ಬಿದ್ದ ಮಳೆ ದಕ್ಷಿಣ ಪಿನಾಕಿನಿಗೆ ಹೋಗುತ್ತೆ, ಪಶ್ಚಿಮಕ್ಕೆ ಬಿದ್ದದ್ದು ವೃಷಭಾವತಿ, ಅರ್ಕಾವತಿ ಹಿಡ್ಕೊಂಡು ಕಾವೇರಿಗೆ. ಅದಕ್ಕೇ ಕೆರೆ ಮೇಲೆ ಕೆರೆ, ಒಂದರ ಕೋಡಿ ಬಿದ್ದ ನೀರು ಇನ್ನೊಂದಕ್ಕೆ. ಎತ್ತರ ತೋರಿಸೋ ಮ್ಯಾಪ್ ಮುಂದಿಟ್ಕೊಂಡು ನದಿ ಇಲ್ಲದ ರಾಜಧಾನಿ ಕಟ್ಟಿದ್ವಿ. ಮುತ್ತಿಗೆ ಹಾಕಿದ ಸೈನ್ಯ ಗೋಡೆ ಒಡೆಯೋ ಬದಲು ಮೇಲಿನ ಕೆರೆ ತೂಬು ಮುಚ್ಚಿ ಕೂತ್ಕೊಳ್ತು, ಊರಲ್ಲಿ ಎಲ್ಲಕ್ಕಿಂತ ಪವರ್ ಇರೋ ಮನುಷ್ಯ ಕೆರೆ ನೀರು ಬಿಡೋ ನೀರುಗಂಟಿ ಅಂತ ಪಾರ್ಟಿಗೆ, ಅಂದ್ರೆ ಪ್ಲೇಯರ್‌ಗಳ ತಂಡಕ್ಕೆ, ಆಗ ಗೊತ್ತಾಯ್ತು. ಚೆನ್ನಾಗಿತ್ತು. ಮ್ಯಾಪಿನ ಕೊರತೆ ಅಂದ್ರೆ ಅದು ನೆಲ ಕೊಡುತ್ತೆ, ಜನ ಕೊಡಲ್ಲ, ನೀರುಗಂಟಿ ಹೆಂಡ್ತಿ ಜೊತೆ ಯಾಕೆ ಜಗಳ ಆಡ್ದ ಅನ್ನೋದು ಕಾಂಟೂರ್ ಲೈನಲ್ಲಿ ಇರಲ್ಲ.

ಜನ ಬೇಕು ಅಂದ್ರೆ ಪೇಟೆ. 1537ರಲ್ಲಿ ಕೆಂಪೇಗೌಡ ಕಟ್ಟಿಸಿದ ಮಣ್ಣಿನ ಕೋಟೆ ಒಳಗಿನ ಊರು, ಅವೆನ್ಯೂ ರೋಡೇ ಹಳೇ ದೊಡ್ಡಪೇಟೆ. ಅಕ್ಕಿಪೇಟೆ, ರಾಗಿಪೇಟೆ, ಅರಳೇಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ಹೆಸರಲ್ಲೇ ಅಡ್ರೆಸ್ಸು ಇದೆ, ಪ್ಲೇಯರ್ಸ್‌ಗೆ ಮ್ಯಾಪ್ ಹಂಚೋ ಕೆಲಸಾನೇ ಇಲ್ಲ. ಗಾಣದ ಬೀದೀಲಿ ಬೆಂಕಿ ಬಿದ್ರೆ ಏನಾಗುತ್ತೆ ಅಂತ ವಿವರಿಸ್ಬೇಕಾಗಿಲ್ಲ, ಅವರೇ ಹೆದರ್ಕೊಳ್ತಾರೆ. ಕೋಟೆ ಗೋಡೆ ಆಚೆ ಕಂದಕ, ಅದರ ಸುತ್ತ ದಟ್ಟವಾದ ಮುಳ್ಳುಬೇಲಿ, 1791ರಲ್ಲಿ ಕಾರ್ನ್‌ವಾಲಿಸ್ ಸೈನ್ಯ ಪೇಟೆಗೆ ನುಗ್ಗಿದಾಗ ಅದನ್ನೂ ದಾಟ್ಕೊಂಡೇ ಬರಬೇಕಾಗಿತ್ತು. ಕಲ್ಲಿನ ಗೋಡೆ ಹತ್ತೋಕೆ ನಮ್ಮ ಪಾರ್ಟಿ ಹತ್ರ ಹಗ್ಗ, ಮಂತ್ರ ಎಲ್ಲ ಇತ್ತು, ಮುಳ್ಳುಬೇಲಿಗೆ ಏನೂ ಇರಲಿಲ್ಲ! ಸುಟ್ಟುಬಿಡೋಣ ಅಂದ್ರೆ ಮಳೆಗಾಲ, ಹಸಿ ಮುಳ್ಳು, ಕೊನೆಗೆ ಕುರಿ ಕಾಯೋ ಹುಡುಗಿ ಒಬ್ಳಿಗೆ ದುಡ್ಡು ಕೊಟ್ಟು ನಾಯಿ ನುಸುಳೋ ಕಿಂಡಿ ತಿಳ್ಕೊಂಡ್ರು.

ಪೇಟೆಯಲ್ಲಿ ಎರಡು ವಿಷಯಕ್ಕೆ ಎಚ್ಚರ ಬೇಕು. ಒಂದು, ಈ ಬೀದಿಗಳ ಹೆಸರಲ್ಲಿ ಕಸುಬಿನ ಜೊತೆ ಜಾತೀನೂ ಬರುತ್ತೆ. ಅದಕ್ಕೆ ಗಿಲ್ಡ್ ಅಂತ ಬಣ್ಣ ಬಳಿದು ಮುಂದೆ ಹೋಗೋದು ಸುಲಭ, ಎಷ್ಟೋ ಜನ ಹಾಗೇ ಮಾಡ್ತಾರೆ, ನನಗದು ಒಪ್ಪಿಗೆ ಆಗಲ್ಲ, ಗಿಲ್ಡ್ ಬಿಟ್ಟು ಬೇರೆ ಕೆಲಸಕ್ಕೆ ಹೋಗಬಹುದಾ ಅಂತ ಪ್ಲೇಯರ್ ಕೇಳಿದಾಗ ನಿಮ್ಮ ಲೋಕದ ಉತ್ತರ ಏನು ಅಂತ ಮೊದ್ಲೇ ಗಟ್ಟಿ ಮಾಡ್ಕೊಳ್ಳಿ. ಎರಡು, ಕರಗ. ಚೈತ್ರ ಹುಣ್ಣಿಮೆ ರಾತ್ರಿ ಧರ್ಮರಾಯನ ಗುಡಿಯಿಂದ ಹೊರಡೋ ಕರಗ, ಕತ್ತಿ ಹಿಡಿದ ವೀರಕುಮಾರರು, ತವಕ್ಕಲ್ ಮಸ್ತಾನ್ ದರ್ಗಾ ಹತ್ರ ನಿಲ್ಲೋದು, ಇದನ್ನ ಗೇಮಿಗೆ ಹಾಕ್ಬೇಕು ಅಂತ ಯಾರಿಗಾದ್ರೂ ಕೈ ಕೆರೆಯುತ್ತೆ. ನಾನು ಹಾಕಲ್ಲ. ನಮ್ಮ ಟೇಬಲ್‌ನಲ್ಲೇ ಒಬ್ರ ಮನೆಯವರು ಹರಕೆ ಹೊತ್ತೋರು, ಅವರ ದೇವರ ಮೇಲೆ ನಾನು ಡೈಸ್ ಉರುಳಿಸಲ್ಲ. ರಾತ್ರಿಯೆಲ್ಲ ಪೇಟೆ ಪೇಟೆ ಸುತ್ತೋ ಒಂದು ಮೆರವಣಿಗೆ, ಅದು ಬರೋವರೆಗೂ ಯಾರೂ ಮಲಗಲ್ಲ, ಇಷ್ಟನ್ನ ಮಾತ್ರ ತಗೊಂಡೆ, ಕಳ್ಳತನದ ಪ್ಲಾನ್ ಹಾಕೋರಿಗೆ ಅಷ್ಟು ಸಾಕು. ಇನ್ನು ಆಡೋರೆಲ್ಲ ಬೆಂಗಳೂರಿನೋರೇ ಆದ್ರೆ ಮಧ್ಯೆ ಮಧ್ಯೆ "ಇಲ್ಲಿ ಒನ್ ವೇ ಗುರು" ಅಂತ ಬರ್ತಾ ಇರುತ್ತೆ, ಸಹಿಸ್ಕೊಳ್ಬೇಕು.

ಈಗ ಶಾಸನ. ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ನಮ್ಮ ಜಿಲ್ಲೆಗಳ ಶಾಸನ ಸಾಲು ಸಾಲಾಗಿವೆ, ಓದೋಕೆ ಬೋರು, ಸುಳ್ಳು ಹೇಳಲ್ಲ, ಪುಟಗಟ್ಟಲೆ ಇಂಥೋನು ಇಂಥ ಗುಡಿಗೆ ಇಷ್ಟು ಖಂಡುಗ ಗದ್ದೆ ಬಿಟ್ಟ ಅಂತಾನೇ ಇರುತ್ತೆ. ಆದ್ರೆ ಅದರಲ್ಲೇ ಇದೆ ಮಜಾ, ಯಾಕಂದ್ರೆ ಪ್ರತಿ ಶಾಸನಾನೂ ಯಾರು ಯಾರಿಗೆ ಏನು ಕೊಟ್ಟ, ಬದಲಿಗೆ ಏನು ಮಾಡ್ಬೇಕು, ತಪ್ಪಿದ್ರೆ ಏನಾಗುತ್ತೆ ಅಂತ ಬರೆದಿಟ್ಟಿರೋ ಒಪ್ಪಂದ. ಗೇಮ್ ನಡೆಸೋನಿಗೆ ಇನ್ನೇನು ಬೇಕು.

ಆತಕೂರಿನ ಶಾಸನ ತಗೊಳ್ಳಿ, ಮದ್ದೂರು ಕಡೆಯದು, ಹತ್ತನೇ ಶತಮಾನದ್ದು. ತಕ್ಕೋಲದಲ್ಲಿ ಚೋಳರ ಮೇಲೆ ಯುದ್ಧ ಗೆದ್ದ ಮೇಲೆ ಗಂಗರ ಬೂತುಗ ತನ್ನ ಕಡೆಯ ವೀರ ಮಣಲೇರನಿಗೆ ಮೆಚ್ಚಿದೆ, ಏನು ಬೇಕೋ ಕೇಳು ಅಂದ್ರೆ ಅವನು ಕೇಳಿದ್ದು ಕಾಳಿ ಅನ್ನೋ ನಾಯೀನ. ಆ ನಾಯಿ ಆಮೇಲೆ ಒಂದು ಹಂದಿ ಮೇಲೆ ಬಿದ್ದು ಎರಡೂ ಸತ್ತವು. ನಾಯಿಗೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಆ ಭೂಮಿ ಉಣ್ಣೋ ಗೊರವ (ಶೈವ ಪೂಜಾರಿ) ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಿದ್ರೆ ನಾಯಿಯ ಪಾಪಕ್ಕೆ ಹೋಗ್ತಾನೆ ಅಂತ ಕೆತ್ತಿಸಿದಾರೆ. ಇದರಲ್ಲಿ ನಾನು ಹೊಸದಾಗಿ ಸೇರಿಸಿದ್ದು ಏನೂ ಇಲ್ಲ, ಗೊರವನನ್ನ ಎನ್‌ಪಿಸಿ (ಡಿಎಂ ಆಡಿಸೋ ಪಾತ್ರ) ಮಾಡಿದೆ ಅಷ್ಟೇ. ಪಾರ್ಟಿ ಊರಿಗೆ ಬಂದಾಗ ಅವನು ಹಸಿದು ಕೂತಿದಾನೆ, ಯಾರೋ ರಾತ್ರೋರಾತ್ರಿ ಕಲ್ಲು ಹೊತ್ಕೊಂಡು ಹೋಗಿದಾರೆ, ಕಲ್ಲಿಲ್ಲದೆ ಪೂಜೆ ಇಲ್ಲ, ಪೂಜೆ ಇಲ್ಲದೆ ಊಟ ಇಲ್ಲ. ಖಜಾನೆ ಹುಡುಕೋಕೆ ಬಂದವರು ನಾಯಿ ಕಲ್ಲು ಹುಡುಕೋಕೆ ಹೊರಟ್ರು, ನಾನು ಒಂದು ಸಲಾನೂ ತಳ್ಳಲಿಲ್ಲ.

ವೀರಗಲ್ಲೂ ಹೀಗೇನೇ. ಕೆಳಗಿನ ಪಟ್ಟೀಲಿ ಕಾಳಗ, ಎಷ್ಟೋ ಕಡೆ ದನ ಹೊಡ್ಕೊಂಡು ಹೋಗೋರ ಜೊತೆ, ಮಧ್ಯದಲ್ಲಿ ಅಪ್ಸರೆಯರು ವೀರನ್ನ ಕರ್ಕೊಂಡು ಹೋಗ್ತಿರೋದು, ಮೇಲೆ ಶಿವನ ಸನ್ನಿಧಿ, ಪಕ್ಕದಲ್ಲಿ ಸೂರ್ಯ ಚಂದ್ರ. ಕೆಳಗಿಂದ ಮೇಲಕ್ಕೆ ಓದೋ ಕಾಮಿಕ್ಸ್ ಅದು. ಡಂಜನ್ ಬಾಗಿಲಲ್ಲಿ ಒಗಟು ಬೇಕು ಅಂದಾಗೆಲ್ಲ ಒಂದು ವೀರಗಲ್ಲು ನಿಲ್ಲಿಸಿಬಿಡ್ತೀನಿ, ಮಧ್ಯದ ಪಟ್ಟಿ ಒಡೆದು ಹೋಗಿದ್ರೆ ಅಲ್ಲಿ ಏನಿತ್ತು ಅಂತ ಅವರೇ ಕಚ್ಚಾಡ್ತಾರೆ. ನೋಡ್ಬೇಕು ಅಂದ್ರೆ ದೂರ ಹೋಗ್ಬೇಕಾಗಿಲ್ಲ, ಬೇಗೂರಿನ ಗುಡೀಲಿ ಸುಮಾರು ಕ್ರಿ.ಶ. 890ರ ಶಾಸನ ಇದೆ, ಬೆಂಗಳೂರಿನ ಕಾಳಗ ಅಂತ ನಮ್ಮೂರ ಹೆಸರೇ ಅದರಲ್ಲಿದೆ.

ಈ ದಾರೀಲಿ ಒಂದು ಅಪಾಯ ಇದೆ. ದಾನ ಶಾಸನಗಳಲ್ಲಿ ಆಚಂದ್ರಾರ್ಕ ಅಂತ ಬರುತ್ತೆ, ಸೂರ್ಯ ಚಂದ್ರರು ಇರೋವರೆಗೂ ಈ ದಾನ ನಡೀಬೇಕು, ಅಳಿದವನಿಗೆ ವಾರಣಾಸೀಲಿ ಸಾವಿರ ಕವಿಲೆ (ಕಪಿಲೆ ಹಸು) ಕೊಂದ ಪಾಪ. ಇದನ್ನ ನಾನು ಶಾಪದ ಮಂತ್ರವಾಗೇ ಇಟ್ಟಿದೀನಿ, ಗಡಿಕಲ್ಲು ಕಿತ್ತೋನಿಗೆ ಡ್ಯಾಮೇಜು. ನಮ್ಮಲ್ಲಿ ಲಾ ಓದ್ತಿರೋ ಹುಡುಗಿ ಒಬ್ಳು ಹೋದ ಸೆಶನ್‌ನಲ್ಲಿ ಕಲ್ಲಿನ ಬರಹ ಇನ್ನೊಂದು ಸಲ ಓದಿ ಅಂದ್ಳು, ಓದಿದೆ, ಆಮೇಲೆ ತಣ್ಣಗೆ ಕೇಳಿದ್ಳು, "ಅಣ್ಣಾ, ಖಗ್ರಾಸ ಗ್ರಹಣದ ಟೈಮಲ್ಲಿ ಸೂರ್ಯ ಇದಾನಾ ಇಲ್ವಾ?" ಈಗ ಇಡೀ ಪಾರ್ಟಿ ಪಂಚಾಂಗದೋನ ಮನೆ ಮುಂದೆ ಗುದ್ದಲಿ ಹಿಡ್ಕೊಂಡು ನಿಂತಿದೆ, ನಾನು ರೂಲಿಂಗ್ ಕೊಡೋಕೆ ಮುಂದಿನ ಭಾನುವಾರದವರೆಗೂ ಟೈಮ್ ತಗೊಂಡಿದೀನಿ.