ಕ್ರಿಸ್ಟಲ್‌ಡಿಸ್ಕ್‌ಇನ್ಫೋ: ಹಾರ್ಡ್ ಡಿಸ್ಕ್ ಹಳದಿ ಆದಾಗ ಏನ್ ನೋಡ್ಬೇಕು

ಎಂಟು ವರ್ಷದಿಂದ ನಮ್ಮೂರ ಸುತ್ತಮುತ್ತ ಆಗೋ ಯಕ್ಷಗಾನ ಆಟಗಳನ್ನ ರೆಕಾರ್ಡ್ ಮಾಡ್ತಾ ಬಂದಿದೀನಿ, ಎಲ್ಲಾನೂ ಒಂದೇ 2 ಟಿಬಿ ಹಾರ್ಡ್ ಡಿಸ್ಕಲ್ಲಿ ಇತ್ತು. ಹೋದ ಮಳೆಗಾಲದಲ್ಲಿ ಒಂದು ಫೈಲ್ ತೆಗೆಯೋಕೆ ಹೋದ್ರೆ ಅರ್ಧ ನಿಮಿಷ ಸುಮ್ನೆ ಸುತ್ತುತ್ತಾ ಕೂತಿತ್ತು, ನಾನು ಕೇಬಲ್ ಲೂಸ್ ಇರ್ಬೇಕು ಅನ್ಕೊಂಡೆ, ತಮ್ಮ ಬಂದು ಈ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿ ನೋಡಿದ್ರೆ ಹಳದಿ, ಕಾಷನ್ ಅಂತ. ಅದ್ರಲ್ಲಿ ಹಾಡಿರೋ ಇಬ್ರು ಭಾಗವತರು ಈಗ ಇಲ್ಲ. ಕೈಕಾಲೇ ಆಡ್ಲಿಲ್ಲ ನಂಗೆ.

ಇದು ವಿಂಡೋಸ್‌ಗೆ ಇರೋ ಫ್ರೀ ಸಾಫ್ಟ್‌ವೇರ್, ಜಪಾನಿನವರು ಮಾಡಿದ್ದು. ಡಿಸ್ಕು ತನ್ನ ಬಗ್ಗೆ ತಾನೇ ಬರ್ಕೊಂಡಿರೋ ಸ್ಮಾರ್ಟ್ ಲೆಕ್ಕಾನ ಓದಿ ತೋರಿಸತ್ತೆ ಅಷ್ಟೆ, ಏನೂ ರಿಪೇರಿ ಮಾಡಲ್ಲ. ನೀಲಿ ಇದ್ರೆ ಗುಡ್, ಹಳದಿ ಕಾಷನ್, ಕೆಂಪು ಬ್ಯಾಡ್. ಕೆಳಗಿರೋ ಉದ್ದ ಪಟ್ಟಿ ನೋಡಿ ಗಾಬರಿ ಬೀಳ್ಬೇಡಿ, ಹಾರ್ಡ್ ಡಿಸ್ಕ್ ಆದ್ರೆ ಮೊದಲು ಮೂರು ಸಾಲು ನೋಡಿ ಸಾಕು: 05, ಸಿ5, ಸಿ6. 05 ಅಂದ್ರೆ ಕೆಟ್ಟ ಸೆಕ್ಟರ್ (ಡಿಸ್ಕಲ್ಲಿ ಡೇಟಾ ಇಡೋ ಚಿಕ್ಕ ತುಂಡು) ಬಿಟ್ಟು ಬೇರೆ ಕಡೆ ಜಾಗ ಕೊಟ್ಟಿದ್ದು ಎಷ್ಟು ಅಂತ. ಸಿ5 ಅಂದ್ರೆ ಓದೋಕೆ ಬರ್ತಿಲ್ಲ, ಇನ್ನೂ ತೀರ್ಮಾನ ಆಗಿಲ್ಲ ಅನ್ನೋ ಸೆಕ್ಟರ್‌ಗಳು, ನಮ್ಮ ಡೇಟಾ ಸಿಕ್ಕಾಕೊಂಡಿರೋದು ಅಲ್ಲೇ. ಸಿ6 ಅಂದ್ರೆ ಸರಿ ಮಾಡೋಕಾಗ್ಲಿಲ್ಲ ಅಂತ ಡಿಸ್ಕೇ ಒಪ್ಕೊಂಡಿದ್ದು. ಕೇಬಲ್ ಮೇಲೆ ಡೌಟ್ ಇದ್ರೆ ಸಿ7 ನೋಡಿ, ನನ್ನದ್ರಲ್ಲಿ ಅದು ಸೊನ್ನೆ ಇತ್ತು, ಸಿ5 18 ಇತ್ತು.

ಇಲ್ಲೇ ಒಂದು ವಿಷ್ಯ ನಂಗೆ ಇಷ್ಟ ಆಗ್ಲಿಲ್ಲ. ಆ 18 ನಿಜವಾಗ್ಲೂ 18 ಅಲ್ಲ, 24. ರಾ ವ್ಯಾಲ್ಯೂ, ಅಂದ್ರೆ ಡಿಸ್ಕ್ ಎಣಿಸಿಟ್ಟಿರೋ ಸಂಖ್ಯೆ, ಎಲ್ಲ ಹೆಕ್ಸ್ ಲೆಕ್ಕದಲ್ಲಿ, ಅಂದ್ರೆ ಹತ್ತರ ಬದಲು ಹದಿನಾರರ ಲೆಕ್ಕದಲ್ಲಿ (16+8=24) ತೋರಿಸತ್ತೆ, ಫಂಕ್ಷನ್ ಮೆನುಗೆ ಹೋಗಿ ಅಡ್ವಾನ್ಸ್ಡ್ ಫೀಚರ್ ಒಳಗೆ ರಾ ವ್ಯಾಲ್ಯೂಸ್‌ನ ಡೆಸಿಮಲ್ ಮಾಡ್ಕೋಬೇಕು, ಹೊಸಬ್ರಿಗೆ ಇದೆಲ್ಲಿ ಗೊತ್ತಾಗ್ಬೇಕು ಹೇಳಿ. ಕೆಲವು ಯುಎಸ್‌ಬಿ ಡಬ್ಬಿಗಳಲ್ಲಿ ಹಾಕಿರೋ ಡಿಸ್ಕ್ ಲಿಸ್ಟಲ್ಲೇ ಬರಲ್ಲ, ಅದು ಡಬ್ಬಿಯೊಳಗಿನ ಚಿಪ್ ಸ್ಮಾರ್ಟ್ ಮಾಹಿತಿ ಬಿಡದೇ ಇರೋದ್ರಿಂದ.

ನೀಲಿ ಇದೆ ಅಂತ ಆರಾಮಾಗಿ ಇರ್ಬೇಡಿ ಮಾತ್ರ. 2007ರಲ್ಲಿ ಗೂಗಲ್‌ನವ್ರು ತಮ್ಮ ಡಿಸ್ಕ್‌ಗಳ ಮೇಲೆ ಮಾಡಿದ ಅಧ್ಯಯನದಲ್ಲಿ, ಕೆಟ್ಟೋದ ಡಿಸ್ಕ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಡಿಸ್ಕ್‌ಗಳು ಮುಖ್ಯವಾದ ನಾಲ್ಕು ಸ್ಮಾರ್ಟ್ ಲೆಕ್ಕದಲ್ಲಿ ಯಾವ ಸುಳಿವೂ ಕೊಟ್ಟಿರ್ಲಿಲ್ಲ. ಅಂದ್ರೆ ಹಳದಿ ಕಂಡ್ರೆ ನಂಬಿ, ನೀಲಿನ ಪೂರ್ತಿ ನಂಬ್ಬೇಡಿ, ಬ್ಯಾಕಪ್ ಬೇಕೇ ಬೇಕು. ಎಸ್‌ಎಸ್‌ಡಿ ಇರೋರು ಪರ್ಸೆಂಟೇಜ್ ಯೂಸ್ಡ್ (ಆಯಸ್ಸು ಎಷ್ಟು ಸವೆದಿದೆ), ಅವೈಲೆಬಲ್ ಸ್ಪೇರ್ (ಬದಲಿ ಜಾಗ ಎಷ್ಟು ಉಳಿದಿದೆ) ನೋಡ್ಕೊಳ್ಳಿ. ಲಿನಕ್ಸ್‌ನವ್ರಿಗೆ ಇದೇ ಸ್ಮಾರ್ಟ್ ಲೆಕ್ಕ ಓದೋ ಸ್ಮಾರ್ಟ್‌ಮಾನ್‌ಟೂಲ್ಸ್ ಇದೆ, ಅದೂ ಫ್ರೀ.

ಇನ್ನೊಂದು, ಹಳದಿ ಕಂಡ ತಕ್ಷಣ ಚೆಕ್‌ಡಿಸ್ಕ್, ಫುಲ್ ಸ್ಕ್ಯಾನ್ ಅಂತ ಶುರು ಮಾಡ್ಬೇಡಿ ದಯವಿಟ್ಟು, ಸುಸ್ತಾಗಿರೋ ಡಿಸ್ಕನ್ನ ಇನ್ನೂ ಓಡಿಸಿದಂಗೆ ಆಗತ್ತೆ. ಮೊದಲು ಬೇಕಾಗಿದ್ದು ಕಾಪಿ ಮಾಡ್ಕೊಳ್ಳಿ. ನಾವು ರಾತ್ರಿನೇ ತಮ್ಮನ ಡಿಸ್ಕಿಗೆ ಹಾಕೋಕೆ ಶುರು ಮಾಡಿದ್ವಿ, ಆ ಇಬ್ರು ಭಾಗವತರ ಆಟ ಮೊದಲು, ಆಮೇಲೆ ಉಳಿದಿದ್ದು, ಬೆಳಗಿನ ಜಾವ ಸಿ5 40 ದಾಟಿತ್ತು. ಎರಡು ಫೈಲ್ ಬರ್ಲಿಲ್ಲ, ಎರಡೂ ನಮ್ಮೂರ ಶಾಲೆ ಮಕ್ಕಳ ಆಟ, ಅವ್ರ ಮನೆಗಳಲ್ಲಿ ಮೊಬೈಲಲ್ಲಿ ಇದ್ದಿದ್ದು ಕೇಳಿ ತಗೊಂಡೆ. ಈಗ ಎರಡು ಡಿಸ್ಕಲ್ಲಿ ಕಾಪಿ ಇದೆ, ಕ್ರಿಸ್ಟಲ್‌ಡಿಸ್ಕ್‌ಇನ್ಫೋನ ಕಂಪ್ಯೂಟರ್ ಜೊತೆನೇ ಸ್ಟಾರ್ಟ್ ಆಗೋ ಹಂಗೆ ಇಟ್ಟಿದೀನಿ.