ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್: ಧಾರವಾಡದಲ್ಲಿ ಬಳಸಿ ನೋಡಿದ ಮೇಲೆ

ಪಿಎಚ್‌ಡಿ ಮಾಡುತ್ತಿರುವವರು ಇದನ್ನು ಇನ್ನೂ ಬಳಸುತ್ತಿಲ್ಲ ಅಂದರೆ ಇವತ್ತೇ ಶುರು ಮಾಡಿ. 2025ರ ಜನವರಿಯಿಂದ ನಡೆಯುತ್ತಿರುವ ಈ ಯೋಜನೆಯಲ್ಲಿ ಎಲ್ಸೆವಿಯರ್, ಸ್ಪ್ರಿಂಗರ್ ನೇಚರ್, ವೈಲಿ ಸೇರಿ 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು (ಸಂಶೋಧನಾ ಲೇಖನಗಳ ಪತ್ರಿಕೆಗಳು) ಸರ್ಕಾರಿ ವಿಶ್ವವಿದ್ಯಾಲಯ, ಕಾಲೇಜುಗಳಿಗೆ ಸಿಗುತ್ತವೆ. ಕೇಂದ್ರ ಸರ್ಕಾರ 3 ವರ್ಷಕ್ಕೆ 6,000 ಕೋಟಿ ರೂಪಾಯಿ ಇಟ್ಟಿದೆ, ನಾವು ಒಂದು ಪೈಸೆ ಕೊಡಬೇಕಿಲ್ಲ. ನನಗೆ ಹಿಂಗಾರಿ ಜೋಳದ ಕಾಂಡ ಕೊಳೆ ರೋಗದ ಮೇಲೆ ಒಂದು ಲೇಖನ ಬೇಕಿತ್ತು. ಮನೆಯಲ್ಲಿ ತೆರೆದರೆ ಡಾಲರ್ ಲೆಕ್ಕದಲ್ಲಿ ದುಡ್ಡು ಕೇಳುತ್ತಿದ್ದ ಅದೇ ಪುಟ ಕ್ಯಾಂಪಸ್ ವೈಫೈನಲ್ಲಿ ಸೀದಾ ಪಿಡಿಎಫ್ ಕೊಟ್ಟಿತು. ಚಿತ್ರ, ಕೋಷ್ಟಕ ಎಲ್ಲಾ ಪೂರ್ತಿ.

ಬೇಸರ ಒಂದಿದೆ. ಖಾಸಗಿ ಆಡಳಿತದ ಕಾಲೇಜುಗಳಿಗೆ ಮೊದಲ ಹಂತದಲ್ಲಿ ಇದು ಇಲ್ಲ. ಹುಬ್ಬಳ್ಳಿ-ಧಾರವಾಡದಲ್ಲಿ ಅಂಥ ಕಾಲೇಜುಗಳೇ ಜಾಸ್ತಿ, ಅಲ್ಲಿ ಓದುವವರೂ ನಮ್ಮ ಮಕ್ಕಳೇ ಅಲ್ವಾ? ಇಷ್ಟೊಂದು ದುಡ್ಡನ್ನು ದೊಡ್ಡ ಪ್ರಕಾಶಕರಿಗೆ ಚಂದಾ ಕಟ್ಟುವ ಬದಲು ಯಾರು ಬೇಕಾದರೂ ಪುಕ್ಕಟೆ ಓದಬಹುದಾದ ಜರ್ನಲ್‌ಗಳನ್ನು ಬೆಳೆಸಿ ಅನ್ನುವವರ ಮಾತು ನನಗೂ ಸರಿ ಅನ್ನಿಸುತ್ತದೆ.

ಗದಗ, ಹಾವೇರಿಯ ಸರ್ಕಾರಿ ಕಾಲೇಜಿನವರು ಸುಮ್ನೆ ಕೂರಬೇಡಿ, ನಿಮ್ಮ ಕಾಲೇಜು ನೋಂದಣಿ ಆಗಿದೆಯಾ ಅಂತ ಲೈಬ್ರರಿಯನ್ ಹತ್ತಿರ ಕೇಳಿ, ಆಗಿಲ್ಲದಿದ್ದರೆ ಬೆನ್ನುಹತ್ತಿ ಮಾಡಿಸಿ.