ಮಲೆನಾಡಿನ ಮನೆಯಲ್ಲಿ ಫೈಬರ್ ಮೋಡೆಮ್: ಕೆಲವು ಮಳೆಗಾಲಗಳ ನಂತರ

ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಗೆ ಫೈಬರ್, ಅಂದರೆ ಗಾಜಿನ ಎಳೆಯಲ್ಲಿ ಬೆಳಕಾಗಿ ಬರುವ ಇಂಟರ್ನೆಟ್, ಬಂದು ಕೆಲವು ಮಳೆಗಾಲ ಕಳೆದವು. ಕನೆಕ್ಷನ್ ಜೊತೆಗೇ ಕೊಟ್ಟ ಎರಡು ಬ್ಯಾಂಡಿನ (2.4 ಮತ್ತು 5 ಗಿಗಾಹರ್ಟ್ಸ್ ಸಿಗ್ನಲ್ ಎರಡೂ ಕೊಡುವ) ವೈಫೈ ಮೋಡೆಮ್ ಇನ್ನೂ ಚೆನ್ನಾಗಿ ನಡೆಯುತ್ತಿದೆ. ನಮ್ಮ ಕಡೆ ತಗೊಳ್ಳುವವರು ಸ್ಪೀಡ್ ಎಷ್ಟು ಅಂತ ಕೇಳುವ ಮೊದಲು ಜಾಗ, ಕರೆಂಟು, ತಂತಿ ಈ ಮೂರನ್ನು ನೋಡಿಕೊಳ್ಳಿ.

ಹಾಕಲು ಬಂದವರು ತಂತಿ ಒಳಬರುವ ಜಗಲಿ ಮೂಲೆಯಲ್ಲೇ ಮೊಳೆ ಹೊಡೆಯಲು ನೋಡುತ್ತಾರೆ. ಬೇಡ ಅನ್ನಿ. ಜಂಬಿಟ್ಟಿಗೆ ಗೋಡೆ ದಪ್ಪ ಇರುತ್ತದೆ, 5 ಗಿಗಾಹರ್ಟ್ಸ್ ಸಿಗ್ನಲ್ ಒಂದು ಗೋಡೆ ದಾಟುವಷ್ಟರಲ್ಲೇ ಸೊರಗುತ್ತದೆ. 2.4 ಸ್ವಲ್ಪ ನಿಧಾನ, ಆದರೆ ಅಡುಗೆಮನೆ ತನಕ ಬರುತ್ತದೆ. ಫೈಬರ್ ತಂತಿ ಹತ್ತಿಪ್ಪತ್ತು ಮೀಟರ್ ಉದ್ದವಾದರೆ ಸ್ಪೀಡೇನೂ ಕಡಿಮೆಯಾಗುವುದಿಲ್ಲ. ಹಾಗಾಗಿ ನಡುಮನೆಗೇ ಎಳೆಸಿ, ಎತ್ತರದಲ್ಲಿಡಿ.

ಸೆಟ್ಟಿಂಗ್ ಸುಲಭ. ಫೋನಿನ ಬ್ರೌಸರಿನಲ್ಲಿ 192.168.1.1 ಹಾಕಿದರೆ ನಮ್ಮದರ ಪುಟ ತೆರೆಯುತ್ತದೆ. ವಿಳಾಸವೂ ಪಾಸ್‌ವರ್ಡೂ ಅಡಿಯ ಸ್ಟಿಕರಿನಲ್ಲಿರುತ್ತವೆ. ಒಳಹೋಗುವ ಪಾಸ್‌ವರ್ಡ್, ವೈಫೈ ಪಾಸ್‌ವರ್ಡ್ ಎರಡನ್ನೂ ಬದಲಿಸಿ. ಕಂಪನಿಯ ಯೂಸರ್‌ನೇಮ್ ಬರೆದಿಟ್ಟುಕೊಳ್ಳಿ. ಸೂಜಿ ತೂತಿನ ರೀಸೆಟ್ ಒತ್ತಿದರೆ ಹಾಕಿದ್ದೆಲ್ಲ ಅಳಿಸಿಹೋಗುತ್ತದೆ, ನೆಟ್ ವಾಪಸ್ ಬರಲು ಆ ಯೂಸರ್‌ನೇಮ್ ಬೇಕಾಗಬಹುದು. ಪಕ್ಕದವರ ವೈಫೈ ಜೊತೆ ಸಿಗ್ನಲ್ ಡಿಕ್ಕಿಯಾಗದಂತೆ ಚಾನೆಲ್ ಬದಲಿಸುವ ತಲೆಬಿಸಿ ನಮಗಿಲ್ಲ, ಪಕ್ಕದ ಮನೆಗೆ ತೋಟ ದಾಟಬೇಕಲ್ವಾ!

ಎಲ್‌ಒಎಸ್ ದೀಪ ಕೆಂಪಾದರೆ ಬೆಳಕು ಮೋಡೆಮ್ ತನಕ ಬರುತ್ತಿಲ್ಲ ಅಂತ ಅರ್ಥ. ಆಗ ಸುಮ್ನೆ ಆಫ್ ಆನ್ ಮಾಡುತ್ತಾ ಕೂರಬೇಡಿ. ಅಡಿಕೆ ಸೋಗೆ ಬಿದ್ದು ತಂತಿ ಹರಿದಿರಬಹುದು, ಇಲ್ಲವೇ ಎಲ್ಲೋ ಮಡಚಿರಬಹುದು. ನಮ್ಮಲ್ಲಿ ಒಮ್ಮೆ ಲೈನ್‌ಮ್ಯಾನ್ ಮೋಡೆಮ್‌ಗೆ ಚುಚ್ಚಿದ್ದ ಫೈಬರಿನ ಹಸಿರು ತುದಿ ಬಿಚ್ಚಿ ಬೆಳಕು ಅಳೆಯುವ ಮೀಟರಿಗೆ ಚುಚ್ಚಿದರು, ಮೈನಸ್ 29 ಡಿಬಿಎಂ ತೋರಿಸಿತು (ಮೈನಸ್ ಅಂಕಿ ದೊಡ್ಡದಾದಷ್ಟೂ ಬೆಳಕು ಕಡಿಮೆ). ಮೈನಸ್ 27ಕ್ಕಿಂತ ಕೆಳಗೆ ಹೋದರೆ ಇಂಥ ಮೋಡೆಮ್‌ಗೆ ಕಷ್ಟ. ಕಿಟಕಿ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ತಂತಿಯನ್ನು ಬಿಡಿಸಿದ ಕೂಡಲೇ ಮೈನಸ್ 21ಕ್ಕೆ ಬಂತು, ಕೆಂಪು ದೀಪ ಆರಿತು. ಬಿಚ್ಚಿದ ತುದಿಯನ್ನು ಮಾತ್ರ ಕಣ್ಣಿಟ್ಟು ನೋಡಬೇಡಿ, ಒಳಗಿನ ಲೇಸರ್ ಕಣ್ಣಿಗೆ ಕಾಣುವುದೇ ಇಲ್ಲ.

ಭರಣಿ, ಕೃತ್ತಿಕೆ ಮಳೆಯ ಗುಡುಗಿಗೆ ಪ್ಲಗ್ ಕಿತ್ತಿಡಲೇಬೇಕು. ಗಾಜಿನ ಎಳೆಯಲ್ಲಿ ಕರೆಂಟು ಹರಿಯುವುದಿಲ್ಲ, ನಿಜ. ಆದರೆ ಅಡಾಪ್ಟರ್ ಮೂಲಕ ಸಿಡಿಲು ಬರುತ್ತದೆ, ಕಂಬದಿಂದ ಬರುವ ತಂತಿಗೆ ಆಧಾರಕ್ಕೆ ಉಕ್ಕಿನ ಎಳೆಯೂ ಇರುತ್ತದೆ. ಆ ಎಳೆಯನ್ನು ಗೋಡೆಯ ಹೊರಗೇ ಕತ್ತರಿಸಿ ನಿಲ್ಲಿಸಲು ಹೇಳಿ.

ಕರೆಂಟು ಹೋದಾಗ ಬೇಕು ಅಂತ ಮಿನಿ ಯುಪಿಎಸ್ (ಮೋಡೆಮ್ ನಡೆಸುವ ಚಿಕ್ಕ ಬ್ಯಾಟರಿ ಡಬ್ಬಿ) ಇಟ್ಟಿದ್ದೇನೆ, ಕೊಟ್ಟ ದುಡ್ಡಿಗೆ ಮೋಸವಿಲ್ಲ. ಅಡಾಪ್ಟರ್ ಮೇಲೆ 12 ವೋಲ್ಟ್ ಅಂತಿದ್ದರೆ ಯುಪಿಎಸ್ ಕೂಡ 12 ವೋಲ್ಟಿನದೇ ಆಗಬೇಕು. ಆಂಪಿಯರ್ ಅಷ್ಟೇ ಇರಲಿ, ಇಲ್ಲವೇ ಜಾಸ್ತಿ ಇರಲಿ.

ಬೇಸರ ಒಂದೇ. ಜೋರು ಮಳೆಯಲ್ಲಿ ತಂತಿ ಹರಿದರೆ ದೂರು ಕೊಟ್ಟು ದಿನಗಟ್ಟಲೆ ಕಾಯಬೇಕು. ಮಕ್ಕಳ ಆನ್‌ಲೈನ್ ಪಾಠ ಇರುವ ಮನೆಯವರು ಒಂದು ಮೊಬೈಲ್ ಡೇಟಾ ಪ್ಯಾಕ್ ಜೊತೆಗಿಟ್ಟುಕೊಳ್ಳಿ.